ಹಾವುಮೀನಿನ ಚಿತ್ರ ಬರೆಸಿದ ಜಲಮಂಡಳಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು, ಜಲಮಂಡಳಿ,
ಹಾಗೂ ನಗರದ ಸಾರ್ವಜನಿಕ ಕಲಾ ವಿಭಾಗದ ಅಧಿಕಾರಿಗಳು

ಮಾನ್ಯರೇ,

ಕಾಲುವೆ ದಂಡೆಯಲ್ಲಿರುವ ನಿಮ್ಮ ಪಂಪ್‌ಹೌಸಿನ ಗೋಡೆಯ ಮೇಲೆ ಹಾವುಮೀನಿನ ಚಿತ್ರ ಬರೆದವಳು ನಾನು. ಆ ಚಿತ್ರದ ಎಡಗಡೆ, ಕೆಳಭಾಗದಲ್ಲಿ, ಪಂಪಿನ ಬ್ಲೇಡುಗಳಿದ್ದವು. ಬ್ಲೇಡುಗಳ ಆಚೆ ತುಂಡಾದ ಮೂರು ಮೀನುಗಳಿದ್ದವು. ಈಗ ಅಲ್ಲಿ ಹಸಿರು ಜೊಂಡು ಬೆಳೆದಿದೆ. ಆ ಜೊಂಡನ್ನು ನಾನು ಬರೆದಿಲ್ಲ. ನಿಮ್ಮ ನಿರ್ವಹಣಾ ತಂಡದವರು ನನಗೆ ಒಂದು ಮಾತೂ ತಿಳಿಸದೆ ಬಂದು ಬಳಿದು ಹೋಗಿದ್ದಾರೆ. ಬಲಗಡೆ ಮೂಲೆಯಲ್ಲಿ ನನ್ನ ಹೆಸರು ಮಾತ್ರ ಹಾಗೇ ಇದೆ.

ಈ ವಿಷಯವಾಗಿ ನಿಮಗೆ ನಿಮ್ಮ ಭಾಷೆಯಲ್ಲೇ ಬರೆದಿದ್ದೆ. ‘ಅಭಿಪ್ರಾಯ ತಿಳಿಸಿದ್ದಕ್ಕೆ ಧನ್ಯವಾದ’ ಎಂಬ ಉತ್ತರ ಬಂತು. ನಾನು ಕೊಟ್ಟಿದ್ದು ದೂರು. ಆದ್ದರಿಂದ ಈಗ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಯಾಕೆ ಅಂದರೆ, ನನ್ನ ಹಾಗೆ ಹೊರದೇಶದಲ್ಲಿ ನೆಲೆಸಿ ಗೋಡೆಗೆ ಚಿತ್ರ ಬರೆಯುವ ಕನ್ನಡಿಗರಿದ್ದಾರೆ, ಮುಂದೆ ಬರೆಯಲು ಹೊರಡುವವರೂ ಇದ್ದಾರೆ. ಪರಿಸರದ ಹೆಸರಿನಲ್ಲಿ ಗೋಡೆ ಕೊಡುವವರು ಮೊದಲು ಏನು ಕೇಳುತ್ತಾರೆ, ಆಮೇಲೆ ಏನು ಮಾಡುತ್ತಾರೆ ಎಂಬುದು ಅವರಿಗೂ ತಿಳಿದಿರಲಿ. ನಿಮಗೆ ಓದಲು ತೊಂದರೆಯಾದರೆ ಅನುವಾದ ಮಾಡಿಸಿಕೊಳ್ಳಿ. ವಾಸದ ಪರವಾನಗಿಗೆ ಅರ್ಜಿ ಹಾಕುವಾಗ ನನ್ನ ಪ್ರತಿಯೊಂದು ಕಾಗದವನ್ನೂ ನನ್ನ ಖರ್ಚಿನಲ್ಲೇ ಅನುವಾದ ಮಾಡಿಸಿದ್ದೇನೆ. ಒಂದು ಸಲ ನೀವು ಮಾಡಿಸಿದರೆ ತಪ್ಪೇನಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಿಮ್ಮ ಪ್ರಕಟಣೆಯಲ್ಲಿ ‘ಪರಿಸರ ವಿಷಯದ ಮ್ಯೂರಲ್, ಬೇರೆ ದೇಶದಿಂದ ಬಂದು ನೆಲೆಸಿದ ಕಲಾವಿದರಿಗೆ ಆದ್ಯತೆ’ ಎಂದಿತ್ತು. ಖುಷಿಯಿಂದಲೇ ಅರ್ಜಿ ಹಾಕಿದೆ. ಮೊದಲ ಸಭೆಯಲ್ಲಿ ನಿಮ್ಮ ಕಲಾ ವಿಭಾಗದವರು ಹುಲಿ ಕೇಳಿದರು. ಹುಲಿ ಬೇಡವಾದರೆ ಆನೆ. ಹಿನ್ನೆಲೆಗೆ ದಟ್ಟ ಕಾಡು, ಅಗಲ ಎಲೆಗಳು, ಒಂದಿಷ್ಟು ಬಣ್ಣಬಣ್ಣದ ಹಕ್ಕಿಗಳು. ‘ನಿಮ್ಮ ಕಡೆಯದ್ದು ಏನಾದರೂ ಇದ್ದರೆ ಚೆನ್ನಾಗಿರುತ್ತದೆ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಆದರೆ ಆ ಗೋಡೆಯ ಬುಡದಲ್ಲಿ ಹರಿಯುವುದು ಈ ಊರಿನ ಕಾಲುವೆ. ಆ ದಾರಿಯಲ್ಲಿ ಸೈಕಲ್ ತುಳಿಯುವವರು ಈ ಊರಿನವರು. ಹುಲಿಯನ್ನು ಉಳಿಸುವುದಕ್ಕೆ ನಿಮ್ಮ ಜಲಮಂಡಳಿ ಮಾಡಬಹುದಾದದ್ದು ಬಹಳ ಕಡಿಮೆ. ದೂರದ ಪ್ರಾಣಿಯ ಬಗ್ಗೆ ಮರುಗುವುದಕ್ಕೆ ಯಾರ ಬಜೆಟ್ಟೂ ಕರಗುವುದಿಲ್ಲ.

ಇದೇನು ಹೊಸ ಕಥೆಯಲ್ಲ. 1932ರಲ್ಲಿ ಮೆಕ್ಸಿಕೊದ ಚಿತ್ರಕಾರ ಡೇವಿಡ್ ಅಲ್ಫಾರೊ ಸಿಕೇರೊಸ್ ಲಾಸ್ ಏಂಜಲೀಸ್‌ನಲ್ಲಿದ್ದರು. ಒಲ್ವೆರಾ ಬೀದಿಯ ಒಂದು ಕಟ್ಟಡದ ಗೋಡೆಗೆ ‘ಉಷ್ಣವಲಯದ ಅಮೆರಿಕ’ ಎಂಬ ವಿಷಯದ ಮೇಲೆ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಬರೆಸಿದವರ ತಲೆಯಲ್ಲಿದ್ದದ್ದು ತಾಳೆಮರ, ಹಣ್ಣು, ನಗುನಗುವ ಜನ. ಸಿಕೇರೊಸ್ ಕಾಡನ್ನೇನೋ ಬರೆದರು. ಕಾಡಿನ ನಡುವೆ ಶಿಲುಬೆಗೆ ಬಿಗಿದ ಒಬ್ಬ ಮೂಲನಿವಾಸಿಯನ್ನೂ ಅವನ ತಲೆಯ ಮೇಲೆ ಕೂತ ಹದ್ದನ್ನೂ ಬರೆದರು. ಬೀದಿಗೆ ಕಾಣುತ್ತಿದ್ದ ಭಾಗಕ್ಕೆ ಬೇಗನೆ ಬಿಳಿ ಬಣ್ಣ ಬಿತ್ತು. ಕೆಲವು ವರ್ಷಗಳಲ್ಲಿ ಇಡೀ ಚಿತ್ರವೇ ಮುಚ್ಚಿಹೋಯಿತು. ಅವರ ವೀಸಾ ಮುಂದುವರಿಯಲಿಲ್ಲ, ದೇಶ ಬಿಟ್ಟು ಹೋಗಬೇಕಾಯಿತು. ಅದೇ ಚಿತ್ರವನ್ನು ಅದೇ ನಗರ ಗೆಟ್ಟಿ ಸಂರಕ್ಷಣಾ ಸಂಸ್ಥೆಯ ಜೊತೆ ಸೇರಿ ಉಳಿಸಿಕೊಂಡು, 2012ರಲ್ಲಿ ಜನರಿಗೆ ನೋಡಲು ತೆರೆಯಿತು. 80 ವರ್ಷ ಹಿಡಿಯಿತು. ನನಗೆ ಅಷ್ಟು ತಾಳ್ಮೆ ಇಲ್ಲ.

ನಾನು ಹಾವುಮೀನು ಬರೆಯುತ್ತೇನೆ ಎಂದೆ. ಸಭೆಯಲ್ಲಿದ್ದವರ ಉತ್ಸಾಹ ಸ್ವಲ್ಪ ಇಳಿಯಿತು. ಹುಲಿಯ ಮುಂದೆ ಹಾವುಮೀನು ಯಾವ ಲೆಕ್ಕ, ಅಲ್ವಾ? ಕಪ್ಪು, ಉದ್ದ, ಮೈಯೆಲ್ಲ ಲೋಳೆ. ಆದರೆ ಈ ಮೀನಿನ ಬದುಕನ್ನು ಒಮ್ಮೆ ತಿಳಿದುಕೊಂಡರೆ ಬೇರೆ ಏನನ್ನೂ ಬರೆಯಲು ಮನಸ್ಸು ಬರುವುದಿಲ್ಲ. ಯುರೋಪಿನ ನದಿ, ಕೆರೆ, ಕಾಲುವೆಗಳಲ್ಲಿರುವ ಹಾವುಮೀನುಗಳು ಹುಟ್ಟುವುದು ಅಟ್ಲಾಂಟಿಕ್ ಸಾಗರದ ಆಚೆ ಬದಿಯ ಸರ್ಗಾಸೊ ಸಮುದ್ರದಲ್ಲಿ. ಎಲೆಯಂತೆ ಚಪ್ಪಟೆಯಾದ ಮರಿಗಳು ಸಾಗರದ ಪ್ರವಾಹದಲ್ಲಿ ತೇಲುತ್ತ ಈ ಕಡೆ ಬರುತ್ತವೆ. ತೀರ ಮುಟ್ಟುವ ಹೊತ್ತಿಗೆ ಮೈ ಪಾರದರ್ಶಕವಾಗಿರುತ್ತದೆ. ಆಮೇಲೆ ಸಿಹಿನೀರಿಗೆ ಏರಿ, ಎಷ್ಟೋ ವರ್ಷ, ಕೆಲವೊಮ್ಮೆ ಇಪ್ಪತ್ತಕ್ಕೂ ಜಾಸ್ತಿ ವರ್ಷ, ಕೆಸರಿನಲ್ಲಿ ಬೆಳೆಯುತ್ತವೆ. ಒಂದು ದಿನ ಮೈ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಕಣ್ಣು ದೊಡ್ಡದಾಗುತ್ತದೆ. ಊಟ ನಿಲ್ಲುತ್ತದೆ, ಕರುಳು ಸಣ್ಣಗಾಗುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ನಂಬಿಕೊಂಡು ಸಾವಿರಾರು ಕಿಲೋಮೀಟರ್ ಈಜಿ, ಹುಟ್ಟಿದ ಕಡೆಗೇ ಹೊರಡುತ್ತವೆ. ಡೆನ್ಮಾರ್ಕಿನ ಜೀವವಿಜ್ಞಾನಿ ಯೊಹಾನೆಸ್ ಸ್ಮಿತ್ 1904ರಿಂದ ಹಡಗು ಹತ್ತಿ, ಚಿಕ್ಕದಕ್ಕಿಂತ ಚಿಕ್ಕ ಮರಿಗಳನ್ನು ಹುಡುಕುತ್ತ ಹೋಗಿ, 1920ರ ದಶಕದಲ್ಲಿ ಆ ಜಾಗ ಸರ್ಗಾಸೊ ಎಂದು ತೋರಿಸಿಕೊಟ್ಟರು. ಇಷ್ಟಾದರೂ ಅಲ್ಲಿ ಅವು ಮೊಟ್ಟೆಯಿಡುವುದನ್ನು ಇವತ್ತಿಗೂ ಯಾರೂ ಕಣ್ಣಾರೆ ಕಂಡಿಲ್ಲ.

ಈಗ ಅವು ಬರುವುದೇ ಕಡಿಮೆಯಾಗಿದೆ. 1980ರ ದಶಕದಿಂದ ಇಳಿಯುತ್ತ ಬಂದ ಸಂಖ್ಯೆ ಎಲ್ಲಿಗೆ ಮುಟ್ಟಿದೆ ಎಂದರೆ, ಉತ್ತರ ಸಮುದ್ರದ ತೀರಕ್ಕೆ ಇತ್ತೀಚಿನ ವರ್ಷಗಳಲ್ಲಿ ಬರುತ್ತಿರುವ ಮರಿಗಳು 1960ರಿಂದ 1979ರವರೆಗಿನ ಸರಾಸರಿಯ ಶೇಕಡಾ 1ರ ಆಸುಪಾಸು. ಇದು ಸಮುದ್ರ ಸಂಶೋಧನೆಯ ಅಂತರರಾಷ್ಟ್ರೀಯ ಮಂಡಳಿ ಐಸಿಇಎಸ್ ಹೇಳುವ ಲೆಕ್ಕ. 2008ರಿಂದ ಈ ಮೀನು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್‌ನ ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನಲ್ಲಿದೆ. ಹಿಡಿದು ತಿನ್ನುವುದು, ಅಣೆಕಟ್ಟು, ಕೊಳೆ ನೀರು, ಮೈಯೊಳಗೆ ಸೇರುವ ಪರಾವಲಂಬಿ ಹುಳು, ಹೀಗೆ ಕಾರಣಗಳು ಹಲವು. ನಾನು ಬರೆದದ್ದು ಅದರಲ್ಲಿ ಒಂದೇ ಕಾರಣವನ್ನು. ಯಾಕೆಂದರೆ ಅದು ನಾನು ಬಣ್ಣ ಬಳಿಯುತ್ತಿದ್ದ ಗೋಡೆಯ ಒಳಗೇ ಇತ್ತು.

ಬೆಳ್ಳಿ ಬಣ್ಣಕ್ಕೆ ತಿರುಗಿದ ಹಾವುಮೀನು ಹೊರಡುವುದು ಶರತ್ಕಾಲದ ಕತ್ತಲ ರಾತ್ರಿಗಳಲ್ಲಿ. ಮಳೆ ಬಿದ್ದು ನೀರು ಏರಿ ಹರಿಯಲು ಶುರುವಾದಾಗ. ನಿಮ್ಮ ಪಂಪುಗಳು ಜಾಸ್ತಿ ಓಡುವುದೂ ಅದೇ ರಾತ್ರಿಗಳಲ್ಲಿ, ಅದೇ ಕಾರಣಕ್ಕೆ. ತಗ್ಗಿನ ಹೊಲಗಳಿಂದ, ಬೀದಿಗಳಿಂದ ಬಂದ ನೀರನ್ನು ಎತ್ತಿ ಹೊರಗಿನ ನದಿಗೆ ಹಾಕದಿದ್ದರೆ ಊರು ಮುಳುಗುತ್ತದೆ. ಅದು ನನಗೂ ಗೊತ್ತು, ನಾನೂ ಇದೇ ಊರಿನ ನೆಲಮಹಡಿಯಲ್ಲಿ ಬಾಡಿಗೆಗಿದ್ದೇನೆ. ಹರಿವು ಇರುವ ಕಡೆ ಮೀನು ಹೋಗುತ್ತದೆ. ಹರಿವು ಇರುವುದು ಪಂಪಿನ ಬಾಯಿಯ ಕಡೆಗೆ. ವೇಗವಾಗಿ ತಿರುಗುವ ಬ್ಲೇಡಿನ ನಡುವೆ ಚಿಕ್ಕ ಮೀನು ಹೇಗಾದರೂ ನುಸುಳಬಹುದು. ಒಂದು ಮೀಟರ್‌ವರೆಗೂ ಬೆಳೆಯುವ ಮೀನಿಗೆ ಅದು ಕಷ್ಟ.

ನಾನು ಕಂಡದ್ದನ್ನು ಹೇಳುತ್ತೇನೆ. ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತು ಬರೆಯುವಾಗ ಒಳಗೆ ಪಂಪು ಶುರುವಾದರೆ ಅದರ ನಡುಕ ಬ್ರಷ್ಷಿನ ತುದಿಯವರೆಗೂ ಬರುತ್ತಿತ್ತು. ಗೆರೆ ಅಲುಗುತ್ತದೆಂದು ಕೈ ತಡೆದು ಕಾಯುತ್ತಿದ್ದೆ. ಮಳೆ ಸುರಿದ ರಾತ್ರಿಯ ಮರುದಿನ ಬೆಳಿಗ್ಗೆ ಹೊರಬಾಯಿಯ ಕಡೆ ಕಡಲಹಕ್ಕಿಗಳು ಮೊದಲೇ ಬಂದು ಕೂತಿರುತ್ತಿದ್ದವು. ಯಾಕೆಂದು ಇಳಿದು ನೋಡಿದೆ. ನೀರಿನಲ್ಲಿ ಬೆಳ್ಳಿ ಬಣ್ಣದ ತುಂಡುಗಳು. ಬಾಲದ ಭಾಗ ಇದ್ದರೆ ತಲೆ ಇಲ್ಲ. ಕೆಲವು ಇನ್ನೂ ಜೀವವಿದ್ದು, ಬೆನ್ನು ಮುರಿದು ಸುತ್ತುತ್ತಿದ್ದವು. ನಿಮ್ಮ ಸಿಬ್ಬಂದಿಯೊಬ್ಬರನ್ನು ಕೇಳಿದೆ. ‘ಪ್ರತಿ ವರ್ಷ ಇದೇ ಕಾಲದಲ್ಲಿ ಹೀಗೇ’ ಎಂದರು. ಅವರ ಗುರುತು ಹೇಳುವುದಿಲ್ಲ, ಹುಡುಕಲೂ ಹೋಗಬೇಡಿ. ನನಗೆ ಅಲ್ಲಿಯವರೆಗೆ ಸತ್ಯ ಹೇಳಿದವರು ಅವರೊಬ್ಬರೇ.

ಆಮೇಲೆ ನಾನು ಸ್ಕೆಚ್ ಬದಲಾಯಿಸಿದೆ. ಕದ್ದುಮುಚ್ಚಿ ಬದಲಾಯಿಸಲಿಲ್ಲ. ಬ್ಲೇಡು, ತುಂಡಾದ ಮೀನು ಎಲ್ಲವೂ ಇದ್ದ ಹೊಸ ಸ್ಕೆಚ್ಚನ್ನು ನಿಮ್ಮ ಕಲಾ ವಿಭಾಗಕ್ಕೆ ಕೊಟ್ಟೆ. ಸಹಿ, ಮೊಹರು ಬಿದ್ದು ವಾಪಸ್ ಬಂತು. ಬಹುಶಃ ಯಾರೂ ಸರಿಯಾಗಿ ನೋಡಲಿಲ್ಲ. ನೋಡಿದ್ದರೂ ಗೋಡೆಯ ಮೇಲೆ ಇಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಅಂದಾಜಾಗಲಿಲ್ಲವೋ ಏನೋ. ಆ ಪ್ರತಿ ನನ್ನ ಹತ್ತಿರ ಇದೆ.

ಉದ್ಘಾಟನೆಗೆ ನೀವು ಹೊರಡಿಸಿದ ಪತ್ರಿಕಾ ಪ್ರಕಟಣೆಯ ತಲೆಬರಹ ಹೀಗಿತ್ತು: ‘ವಲಸೆ ಬಂದ ಕಲಾವಿದೆ, ವಲಸೆ ಹೋಗುವ ಮೀನು’. ಚೆನ್ನಾಗಿದೆ, ಫೋಟೋದ ಕೆಳಗೆ ಹಾಕಲು ಹೊಂದುತ್ತದೆ. ಆ ಎರಡು ಪುಟದ ಪ್ರಕಟಣೆಯಲ್ಲಿ ನನ್ನ ವೀಸಾದ ಕಥೆ ಇತ್ತು, ನನ್ನ ಬಣ್ಣದ ಬಟ್ಟೆಯ ವರ್ಣನೆ ಇತ್ತು, ಹಾವುಮೀನು ಎಷ್ಟು ದೂರ ಈಜುತ್ತದೆ ಎಂಬುದಿತ್ತು. ಪಂಪ್ ಎಂಬ ಪದ ಒಂದೇ ಒಂದು ಕಡೆ ಬಂದಿತ್ತು, ಕಟ್ಟಡದ ವಿಳಾಸದಲ್ಲಿ.

ಮುಂದಿನದ್ದು ನಿಮಗೆ ಗೊತ್ತೇ ಇದೆ. ‘ಮಕ್ಕಳು ಹೆದರುತ್ತಾರೆ’, ‘ಭರವಸೆ ಕಾಣುವುದಿಲ್ಲ’ ಎಂಬ ಮಾತು ಬಂತು. ಯಾವ ಮಗು ಹೆದರಿತು ಎಂದು ಕೇಳಿದೆ, ಉತ್ತರ ಬರಲಿಲ್ಲ. ನಾನು ಗೋಡೆಯ ಮುಂದೆ ಕಂಡ ಮಕ್ಕಳೆಲ್ಲ ಆ ಬ್ಲೇಡಿನ ಹತ್ತಿರವೇ ನಿಂತು ಜಾಸ್ತಿ ಪ್ರಶ್ನೆ ಕೇಳುತ್ತಿದ್ದರು. ಮುಜುಗರಪಟ್ಟವರು ಅವರ ಜೊತೆಗಿದ್ದ ದೊಡ್ಡವರು. ಒಂದು ದಿನ ಹೋಗಿ ನೋಡಿದರೆ ಜೊಂಡು. ಬರೆದವರ ಕೈ ಕೆಟ್ಟದ್ದಲ್ಲ, ಆದರೆ ಬೆಳಕು ಬರುವ ದಿಕ್ಕು ತಪ್ಪಾಗಿದೆ. ನೋಡುವ ಕಣ್ಣಿರುವವರಿಗೆ ಅದು ತೇಪೆ ಎಂದು ತಿಳಿಯುತ್ತದೆ.

ನಾನು ಕೇಳಲು ಬಂದಾಗ ನಿಮ್ಮ ಅಧಿಕಾರಿಯೊಬ್ಬರು ಬಹಳ ಮೆಲ್ಲಗೆ, ನಗುತ್ತಲೇ, ‘ನೀವು ಇಲ್ಲಿ ಅತಿಥಿ, ಇಷ್ಟು ಅವಕಾಶ ಸಿಕ್ಕಿದ್ದೇ ದೊಡ್ಡದು’ ಎಂದರು. ಸ್ವಾಮಿ, ಅತಿಥಿಯಿಂದ ಯಾರೂ ನೀರಿನ ತೆರಿಗೆ ವಸೂಲಿ ಮಾಡುವುದಿಲ್ಲ. ಆ ಪಂಪಿನ ಕರೆಂಟ್ ಬಿಲ್ಲಿನಲ್ಲಿ ನನ್ನದೂ ಪಾಲಿದೆ. ಇನ್ನೊಬ್ಬರು ಒಪ್ಪಂದ ಪತ್ರ ತೆಗೆದು ತೋರಿಸಿದರು. ಚಿತ್ರವನ್ನು ಬದಲಾಯಿಸುವ ಹಕ್ಕು ಮಂಡಳಿಗಿದೆ, ಮಂಡಳಿಯ ಹೆಸರಿಗೆ ಧಕ್ಕೆಯಾಗುವಂತೆ ಕಲಾವಿದೆ ಮಾತನಾಡಬಾರದು ಎಂದು ಅದರಲ್ಲಿದೆ. ಹೌದು, ಸಹಿ ನನ್ನದೇ. ಆ ಸಹಿ ಬೀಳುವ ಬಗೆಯನ್ನೂ ಹೇಳಿಬಿಡುತ್ತೇನೆ. ಸ್ವಂತ ದುಡಿಮೆಯ ಮೇಲೆ ಪರವಾನಗಿ ಪಡೆದು ಇರುವವರು, ಅದು ನವೀಕರಣಕ್ಕೆ ಬಂದಾಗ ಇಷ್ಟು ಆದಾಯ ಇತ್ತು ಎಂದು ದಾಖಲೆ ತೋರಿಸಬೇಕು. ಕೆಲಸ ಬಿಟ್ಟರೆ ದಾಖಲೆ ಇಲ್ಲ. ದಾಖಲೆ ಇಲ್ಲದಿದ್ದರೆ ಮನೆ ಖಾಲಿ ಮಾಡುವ ಮಾತು. ಸ್ಥಳೀಯ ಚಿತ್ರಕಾರರಾದರೆ ಆ ಷರತ್ತು ನೋಡಿ ಕಾಗದವನ್ನು ವಾಪಸ್ ತಳ್ಳಬಹುದು. ನಾವು ತಳ್ಳುವುದಿಲ್ಲ ಎಂಬುದು ಷರತ್ತು ಬರೆದವರಿಗೆ ಚೆನ್ನಾಗಿ ಗೊತ್ತು. ವಿದೇಶದಿಂದ ಬಂದವರಿಗೆ ಆದ್ಯತೆ ಕೊಡುವುದರಲ್ಲಿ ಇಂಥ ಅನುಕೂಲವೂ ಇದೆ ಎಂದು ನಾನು ಹೇಳಿದರೆ ನಿಮಗೆ ಬೇಸರವಾಗಬಹುದು. ಬೇಸರವಾಗಲಿ.

ಕಾನೂನಿನ ಮಾತಿಗೆ ಬಂದರೆ, ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ 1928ರಲ್ಲಿ ಸೇರಿಸಿದ 6 ಬಿಸ್ ವಿಧಿಯನ್ನು ನಿಮ್ಮ ವಕೀಲರು ಬಲ್ಲರು. ಹಣಕಾಸಿನ ಹಕ್ಕನ್ನೆಲ್ಲ ಮಾರಿದ ಮೇಲೂ, ಕೃತಿ ತನ್ನದು ಎಂದು ಹೇಳಿಕೊಳ್ಳುವ ಹಕ್ಕು ಮತ್ತು ತನ್ನ ಗೌರವಕ್ಕೆ ಕುಂದಾಗುವ ಹಾಗೆ ಅದನ್ನು ತಿರುಚಿದರೆ ಆಕ್ಷೇಪಿಸುವ ಹಕ್ಕು ಕರ್ತೃವಿಗೆ ಇರುತ್ತದೆ ಎನ್ನುತ್ತದೆ ಅದು. ಅಮೆರಿಕದಲ್ಲಿ ದೃಶ್ಯ ಕಲಾವಿದರ ಹಕ್ಕಿನ ಕಾಯ್ದೆ 1990ರಲ್ಲಿ ಬಂತು. ನ್ಯೂಯಾರ್ಕಿನ ‘ಫೈವ್ ಪಾಯಿಂಟ್ಸ್’ ಕಟ್ಟಡದ ಚಿತ್ರಗಳಿಗೆ 2013ರಲ್ಲಿ ಮಾಲೀಕ ರಾತ್ರೋರಾತ್ರಿ ಬಿಳಿ ಬಳಿಸಿದಾಗ, ಅದೇ ಕಾಯ್ದೆಯಡಿ 2018ರಲ್ಲಿ ನ್ಯಾಯಾಲಯ 21 ಕಲಾವಿದರಿಗೆ 67 ಲಕ್ಷ 50 ಸಾವಿರ ಡಾಲರ್ ಕೊಡಿಸಿತು. ನಾನು ಇಲ್ಲಿ ಹಣ ಕೇಳುತ್ತಿಲ್ಲ, ಗಾಬರಿಯಾಗಬೇಡಿ. ಗೋಡೆ ನಿಮ್ಮದಾದ ಮಾತ್ರಕ್ಕೆ ಅದರ ಮೇಲಿನ ಚಿತ್ರವನ್ನು ಏನು ಬೇಕಾದರೂ ಮಾಡಬಹುದು ಎಂಬ ನಂಬಿಕೆ ಅಷ್ಟು ಗಟ್ಟಿಯಲ್ಲ ಎನ್ನುವುದಷ್ಟೇ ನನ್ನ ಮಾತು. ಬೇಕೆಂದರೆ ಇಡೀ ಚಿತ್ರ ಅಳಿಸಿ. ಇಟಲಿಯ ಬ್ಲು ಎಂಬ ಚಿತ್ರಕಾರ 2016ರಲ್ಲಿ, ಬೀದಿಯ ಚಿತ್ರಗಳನ್ನು ಕಿತ್ತು ಪ್ರದರ್ಶನಕ್ಕಿಡುವುದನ್ನು ವಿರೋಧಿಸಿ, ಬೊಲೊನ್ಯಾದಲ್ಲಿದ್ದ ತನ್ನ ಚಿತ್ರಗಳಿಗೆಲ್ಲ ತಾನೇ ಬೂದು ಬಣ್ಣ ಬಳಿದರು. ಇಲ್ಲದ ಚಿತ್ರ ಸುಳ್ಳು ಹೇಳುವುದಿಲ್ಲ. ಅರ್ಧ ಅಳಿಸಿದ ಚಿತ್ರ ಹೇಳುತ್ತದೆ, ಅದೂ ನನ್ನ ಹೆಸರಿನಲ್ಲಿ.

ಇನ್ನು ಬಣ್ಣದ ವಿಷಯ. ಇದನ್ನು ಸಭೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಿಮ್ಮ ಪಂಪ್‌ಹೌಸ್ ಹಳೆಯ ಇಟ್ಟಿಗೆಯ ಕಟ್ಟಡ, ಮೇಲೆ ಸುಣ್ಣದ ಗಾರೆ. ಬುಡ ವರ್ಷವಿಡೀ ನೀರಿನಲ್ಲಿದೆ. ಗೋಡೆ ತೇವ ಹೀರಿಕೊಳ್ಳುತ್ತದೆ, ಒಣಗುವಾಗ ಹೊರಗೆ ಬಿಡುತ್ತದೆ. ಇಂಥ ಗೋಡೆಗೆ ಸಿಲಿಕೇಟ್ ಬಣ್ಣ ಬೇಕು ಎಂದು ನಾನು ಬರೆದುಕೊಟ್ಟಿದ್ದೆ. ಜರ್ಮನಿಯ ಅಡಾಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ಪೇಟೆಂಟ್ ಪಡೆದ ಬಣ್ಣ ಅದು. ಅದರಲ್ಲಿರುವ ಪೊಟ್ಯಾಸಿಯಮ್ ಸಿಲಿಕೇಟ್ ಗಾರೆಯ ಜೊತೆ ರಾಸಾಯನಿಕವಾಗಿ ಬೆರೆತು ಗೋಡೆಯ ಭಾಗವೇ ಆಗುತ್ತದೆ. ಮೇಲೆ ಪದರ ಕಟ್ಟುವುದಿಲ್ಲ, ತೇವವನ್ನು ತಡೆಯುವುದಿಲ್ಲ. ಖನಿಜದ ಬಣ್ಣಗಳು ಮಾತ್ರ ಅದಕ್ಕೆ ಒಗ್ಗುತ್ತವೆ, ಆದ್ದರಿಂದ ಕಣ್ಣು ಕುಕ್ಕುವ ಗುಲಾಬಿ, ನಿಯಾನ್ ಹಸಿರು ಸಿಗುವುದಿಲ್ಲ. ಕೆಸರಿನ ಮೀನಿಗೆ ಅವೆಲ್ಲ ಬೇಕಾಗಿಯೂ ಇರಲಿಲ್ಲ.

ಪ್ರಾಯೋಜಕರು ಅಕ್ರಿಲಿಕ್ ಬಣ್ಣದ ಡಬ್ಬಗಳನ್ನು ಪುಕ್ಕಟೆ ಕೊಟ್ಟಿದ್ದಾರೆ, ಅದನ್ನೇ ಬಳಸಿ ಎಂದಿರಿ. ಅಕ್ರಿಲಿಕ್ಕಿನಲ್ಲಿ ಬಣ್ಣವನ್ನು ಹಿಡಿದಿಡುವುದು ಪ್ಲಾಸ್ಟಿಕ್. ಒಣಗಿದ ಮೇಲೆ ಅದು ಗೋಡೆಗೆ ಹಾಕಿದ ಪ್ಲಾಸ್ಟಿಕ್ ಕೋಟಿನ ಹಾಗೆ. ಒಳಗಿನ ತೇವಕ್ಕೆ ದಾರಿ ಸಿಗದೆ ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದು ಚಕ್ಕೆ ಏಳುತ್ತದೆ. ಅದರ ಮೇಲೆ ಯಾರೂ ಗೀಚದಿರಲಿ ಎಂದು ಇನ್ನೊಂದು ಪಾರದರ್ಶಕ ಲೇಪವನ್ನೂ ಹಾಕಿಸಿದಿರಿ. ಹೋಗಿ ನೋಡಿ. ಬುಡದ ಕಡೆ ಈಗಾಗಲೇ ಚಕ್ಕೆ ಉದುರುತ್ತಿದೆ. ಉದುರಿದ್ದು ನೇರ ಕಾಲುವೆಗೆ. ನೀರನ್ನು ಉಳಿಸಿ ಎಂದು ಹೇಳುವ ಚಿತ್ರ ನೀರಿಗೆ ಪ್ಲಾಸ್ಟಿಕ್ ಉದುರಿಸುತ್ತಿದೆ. ಬ್ರಷ್, ರೋಲರ್ ತೊಳೆದ ನೀರನ್ನು ಎಲ್ಲಿ ಚೆಲ್ಲಲಿ ಎಂದು ಕೇಳಿದಾಗ ನಿಮ್ಮವರು ಚರಂಡಿಯ ಜಾಲರಿ ತೋರಿಸಿದ್ದರು. ನಾನು ಡ್ರಮ್ಮಿನಲ್ಲಿ ತುಂಬಿ, ಕೆಸರು ತಳಕ್ಕೆ ಇಳಿಯುವವರೆಗೆ ಇಟ್ಟು, ಅದನ್ನು ತ್ಯಾಜ್ಯ ಕೇಂದ್ರಕ್ಕೆ ನನ್ನ ಖರ್ಚಿನಲ್ಲಿ ಸಾಗಿಸಿದೆ. ಪರಿಸರದ ಮ್ಯೂರಲ್ಲಿನ ಬಜೆಟ್ಟಿನಲ್ಲಿ ಈ ಖರ್ಚಿಗೆ ಒಂದು ಸಾಲೂ ಇರಲಿಲ್ಲ.

ಮುಂದಿನ ಗೋಡೆಗೆ ‘ಗಾಳಿ ಶುದ್ಧ ಮಾಡುವ ಬಣ್ಣ’ ತರಿಸುವ ಯೋಚನೆ ಇದೆಯಂತೆ. ಟೈಟಾನಿಯಂ ಡೈಆಕ್ಸೈಡ್ ಇರುವ ಬಣ್ಣ ಬಿಸಿಲಿನಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ನೈಟ್ರೇಟ್ ಆಗಿ ಬದಲಿಸುವುದು ನಿಜ. ಆದರೆ ಗೋಡೆಗೆ ತಾಗಿದ ಗಾಳಿಯನ್ನು ಮಾತ್ರ. ಬೀದಿಯ ಗಾಳಿ ಅದರಿಂದ ಗಮನಾರ್ಹವಾಗಿ ಸುಧಾರಿಸುತ್ತದೆ ಎನ್ನಲು ಪುರಾವೆ ಸಾಲದು ಎಂದು ಬ್ರಿಟನ್ ಸರ್ಕಾರದ ಗಾಳಿ ಗುಣಮಟ್ಟ ತಜ್ಞರ ತಂಡ 2016ರಲ್ಲೇ ಹೇಳಿದೆ. ಸುಮ್ನೆ ಇಷ್ಟು ಮರಕ್ಕೆ ಸಮ, ಅಷ್ಟು ಕಾರಿಗೆ ಸಮ ಎಂದು ಫಲಕ ಹಾಕುವ ಮೊದಲು ಅದನ್ನು ಓದಿ.

ಪರಿಸರದ ಗೋಡೆಚಿತ್ರವೇ ಬೇಡ ಎಂದು ನಾನು ಹೇಳುವುದಿಲ್ಲ. ಅದೇ ನನ್ನ ಹೊಟ್ಟೆಪಾಡು, ಅದರ ಮೇಲೆ ನನಗೆ ನಂಬಿಕೆಯೂ ಇದೆ. 2021ರಲ್ಲಿ ಬ್ರೆಜಿಲಿನ ಚಿತ್ರಕಾರ ಮುಂಡಾನೊ, ಅಮೆಜಾನ್ ಮತ್ತಿತರ ಕಡೆ ಸುಟ್ಟುಹೋದ ಕಾಡುಗಳಿಂದ ಬೂದಿ ತಂದು, ಅದರಿಂದಲೇ ಬಣ್ಣ ಮಾಡಿ, ಸಾವೊ ಪೌಲೊ ನಗರದ ಎತ್ತರದ ಕಟ್ಟಡವೊಂದರ ಮೇಲೆ ಕಾಡ್ಗಿಚ್ಚು ಆರಿಸುವವನ ಚಿತ್ರ ಬರೆದರು. ಲಾಸ್ ಏಂಜಲೀಸ್‌ನಲ್ಲಿ ಜೂಡಿತ್ ಬಾಕಾ 1970ರ ದಶಕದಲ್ಲಿ, ಪ್ರವಾಹ ತಡೆಯಲು ಕಾಂಕ್ರೀಟ್ ಹಾಕಿದ ಹೊಳೆಯ ಗೋಡೆಯ ಮೇಲೇ ನೂರಾರು ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು, ಇತಿಹಾಸ ಬಲ್ಲವರನ್ನು ಕೇಳಿ, ಅರ್ಧ ಮೈಲಿ ಉದ್ದದ ಚಿತ್ರ ಶುರು ಮಾಡಿದರು. ಆ ಗೋಡೆ ಸೈನ್ಯದ ಎಂಜಿನಿಯರುಗಳು ಕಟ್ಟಿದ್ದು. ಊರಿನವರಿಗೆ ಹಿತವಲ್ಲದ ಎಷ್ಟೋ ಸಂಗತಿ ಅದರ ಮೇಲಿದೆ. ಚಿತ್ರ ಇವತ್ತಿಗೂ ಉಳಿದಿದೆ, ಊರೂ ಉಳಿದಿದೆ.

ಈಗ ನನ್ನ ಕೋರಿಕೆಗಳು. ಎಲ್ಲಕ್ಕಿಂತ ದೊಡ್ಡದು ಚಿತ್ರದ ಬಗ್ಗೆ ಅಲ್ಲ, ಪಂಪಿನ ಬಗ್ಗೆ. ಬೆಳ್ಳಿ ಹಾವುಮೀನುಗಳಲ್ಲಿ, ಮನುಷ್ಯರ ಕಾಟವೇ ಇರದಿದ್ದರೆ ಎಷ್ಟು ಸಮುದ್ರ ಸೇರುತ್ತಿದ್ದವೋ ಅದರ ಶೇಕಡಾ 40ರಷ್ಟಾದರೂ ಸೇರಬೇಕು ಎಂದು ಯುರೋಪಿನ ಒಕ್ಕೂಟ 2007ರಲ್ಲೇ ನಿಯಮ ಮಾಡಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದಕ್ಕೆಂದೇ 2009ರ ಪ್ರತ್ಯೇಕ ಕಾನೂನಿದೆ. ನೀರೆತ್ತುವ ಕಡೆ ಜಾಲರಿ ಹಾಕಿ, ಮೀನಿಗೆ ದಾರಿ ಮಾಡಿ ಎಂದು ಅಲ್ಲಿನ ಅಧಿಕಾರಿಗಳು ಹೇಳಬಹುದು. ಮೀನಿಗೆ ಕಡಿಮೆ ಪೆಟ್ಟಾಗುವ ಪಂಪುಗಳು, ನಿಧಾನವಾಗಿ ತಿರುಗುವ ದೊಡ್ಡ ತಿರುಪಿನ ಪಂಪುಗಳು ಬಳಕೆಯಲ್ಲಿವೆ. ಒಂದೇ ದಿನದಲ್ಲಿ ಹಳೆಯದನ್ನು ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ, ಅದರ ಬೆಲೆ ಏನೆಂದು ಊಹಿಸಬಲ್ಲೆ. ಹಳೆಯ ಪಂಪು ಬದಲಿಸುವ ದಿನ ಯಾವುದು ಎಂದು ತಿಳಿಸಿ, ಬರುವುದು ಮೀನಿಗೆ ಹಾನಿ ಕಡಿಮೆ ಮಾಡುವಂಥದ್ದು ಎಂದು ಈಗಲೇ ಬರೆದುಕೊಡಿ. ಅಲ್ಲಿಯವರೆಗೆ ಐರ್ಲೆಂಡಿನ ಶ್ಯಾನನ್ ನದಿಯಲ್ಲಿ ಮಾಡುವ ಹಾಗೆ ಶರತ್ಕಾಲದಲ್ಲಿ ಮೀನನ್ನು ಮೇಲುಗಡೆ ಹಿಡಿದು, ಸಾಗಿಸಿ, ಕೆಳಗೆ ಬಿಡುವ ವ್ಯವಸ್ಥೆಯನ್ನಾದರೂ ಮಾಡಿ. ಒಳಗೆ ಬರುವ ಮರಿಗಳಿಗೆ ಬ್ರಷ್ಷಿನಂಥ ಎಳೆಗಳಿರುವ ಒದ್ದೆ ಇಳಿಜಾರಿನ ಹಾದಿ ಇಟ್ಟರೆ ಅವು ತಾವೇ ಹತ್ತಿ ಬರುತ್ತವೆ. ಅದಕ್ಕೆ ಹೋಗುವ ಖರ್ಚು ನಿಮ್ಮ ಉದ್ಘಾಟನಾ ಸಮಾರಂಭದ ಖರ್ಚಿಗಿಂತ ಜಾಸ್ತಿಯಾಗಲಾರದು. ಪ್ರತಿ ಶರತ್ಕಾಲದಲ್ಲಿ ಹೊರಬಾಯಿಯಲ್ಲಿ ಎಷ್ಟು ಮೀನು ಸತ್ತವು ಎಂದು ಎಣಿಸಿ, ಆ ಲೆಕ್ಕವನ್ನು ಚಿತ್ರದ ಪಕ್ಕದ ಫಲಕದಲ್ಲಿ ಹಾಕಿ. ಪ್ರಾಯೋಜಕರ ಲೋಗೋಗೆ ಕೊಟ್ಟಿರುವ ಜಾಗದಲ್ಲಿ ಅರ್ಧ ಸಾಕು.

ಮುಂದೆ ನನ್ನಂಥವರಿಗೆ ಗೋಡೆ ಕೊಡುವಾಗ ಚಿತ್ರ ಬದಲಾಯಿಸುವ ಷರತ್ತನ್ನೂ ಬಾಯಿ ಮುಚ್ಚಿಸುವ ಷರತ್ತನ್ನೂ ತೆಗೆದುಹಾಕಿ. ಒಪ್ಪಂದವನ್ನು ಓದಿ, ಯಾರನ್ನಾದರೂ ಕೇಳಿ ತಿಳಿದುಕೊಳ್ಳಲು ಸಮಯ ಕೊಡಿ. ಬಣ್ಣ ಯಾವುದು ಎಂಬುದನ್ನು ಗೋಡೆ ನೋಡಿ ತೀರ್ಮಾನಿಸಲು ಬಿಡಿ. ಮತ್ತೆ, ಪಕ್ಕದ ಬಡಾವಣೆಯ ನೀರಿನ ಟ್ಯಾಂಕಿಗೆ ಚಿತ್ರ ಬರೆಯಲು ನೀವು ಆರಿಸಿರುವ ಹುಡುಗನಿಗೂ ಹುಲಿಯನ್ನೇ ಹೇಳಿದ್ದೀರಿ ಎಂದು ಕೇಳಿದೆ. ದಯವಿಟ್ಟು ಆ ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಅವನಿಗೆ ಒಮ್ಮೆ ತೋರಿಸಿ. ಏನು ಬರೆಯಬೇಕೆಂದು ಅವನೇ ಹೇಳುತ್ತಾನೆ.

ಇನ್ನು ಜೊಂಡಿನ ವಿಷಯ. ಎರಡು ದಾರಿ ಇವೆ. ನೀವು ಸ್ಕ್ಯಾಫೋಲ್ಡಿಂಗ್ ಹಾಕಿಸಿಕೊಟ್ಟರೆ ನಾನು ಬಂದು ಬ್ಲೇಡನ್ನೂ ಮೀನುಗಳನ್ನೂ ಮತ್ತೆ ಬರೆಯುತ್ತೇನೆ. ಕೂಲಿ ಬೇಡ. ಸಹಿ ಬಿದ್ದ ಸ್ಕೆಚ್ಚಿನಲ್ಲಿ ಇದ್ದದ್ದಕ್ಕಿಂತ ಒಂದು ಗೆರೆಯೂ ಜಾಸ್ತಿ ಇರುವುದಿಲ್ಲ. ಅದಾಗದಿದ್ದರೆ, ಬಲಗಡೆ ಮೂಲೆಯಲ್ಲಿರುವ ನನ್ನ ಹೆಸರನ್ನು ಮುಚ್ಚಿಸಿ. ಜೊಂಡು ಬಳಿದ ತಂಡವೇ ಸಾಕು, ಒಂದು ರೋಲರ್ ಎಳೆತದ ಕೆಲಸ. ಶರತ್ಕಾಲದ ಮಳೆ ಶುರುವಾಗುವ ಮೊದಲು ಇವೆರಡರಲ್ಲಿ ಯಾವುದು ಎಂದು ಬರವಣಿಗೆಯಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ಪಂಪ್‌ಹೌಸಿನ ಗೋಡೆಗೆ ಚಿತ್ರ ಬರೆದವಳು